ನಾವು ಆಟ ಕಲಿಸಿದೆವು

ಸಂಜೆ 5 ಗಂಟೆ. ಶಾಲೆ ಬಿಟ್ಟಿದೆ. ಮೈದಾನದಲ್ಲಿ ಗಂಡು ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಹೆಣ್ಮಕ್ಕಳು ಎಲ್ಲಿ? ಒಬ್ಬಳು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಳೆ. ಒಬ್ಬಳು ತಮ್ಮನನ್ನು ಎತ್ತಿಕೊಂಡಿದ್ದಾಳೆ. ಇನ್ನೊಬ್ಬಳು ಪಾತ್ರೆ ತೊಳೆಯುತ್ತಿದ್ದಾಳೆ.

ನಮ್ಮ ಊರಿನಲ್ಲೂ ಹೀಗೇ ಇತ್ತು.

ನಮ್ಮದು ಮೈಸೂರು ಕಡೆಯ ಒಂದು ಹಳ್ಳಿ. ನಾವು ಕಲಿಕಾ ಕೇಂದ್ರದ ಹೆಂಗಸರು. 11 ಜನ ಇದ್ದೇವೆ. ಕೂಲಿಗೆ ಹೋಗುವವರಿದ್ದೇವೆ. ಹಸು ಸಾಕಿದವರಿದ್ದೇವೆ. ಶಾಲೆಯಲ್ಲಿ ಬಿಸಿಯೂಟ ಮಾಡುವವರೂ ಇದ್ದೇವೆ.

ಒಂದು ರಾತ್ರಿ ಕೇಂದ್ರದಲ್ಲಿ ‘ಆಟ’ ಎಂಬ ಪದ ಬರೆಯುತ್ತಿದ್ದೆವು. ಚಿಕ್ಕಂದಿನಲ್ಲಿ ನಾವು ಏನೇನು ಆಡಿದ್ದೆವು ಎಂಬ ಮಾತು ಬಂತು. ಕುಂಟೆಬಿಲ್ಲೆ, ಚೌಕಾಬಾರ, ಕಣ್ಣಾಮುಚ್ಚಾಲೆ, ಖೋ ಖೋ. ಒಂದೊಂದೇ ಹೆಸರು ಹೊರಗೆ ಬಂತು.

“ಖೋ ಖೋದಲ್ಲಿ ನನ್ನ ಯಾರೂ ಮುಟ್ಟಕ್ಕೇ ಆಗ್ತಿರಲಿಲ್ಲ” ಎಂದರು ಮೂಲೆಮನೆ ದೊಡ್ಡಮ್ಮ.

“ಮತ್ತೆ ಯಾಕೆ ಬಿಟ್ಟಿರಿ?”

“ದೊಡ್ಡೋಳಾದೆ. ಬಿಡಿಸಿಬಿಟ್ರು.”

ನಾವೆಲ್ಲ ಸುಮ್ಮನಾದೆವು. ಎಲ್ಲರ ಕತೆಯೂ ಅದೇ ಆಗಿತ್ತು.

“ನಮ್ಮ ಕಾಲ ಆಯ್ತು. ಈಗಿನ ಹುಡುಗೀರಿಗಾದ್ರೂ ಕಲಿಸೋಣ” ಎಂದರು ದೊಡ್ಡಮ್ಮ. ಅಲ್ಲಿಂದ ಈ ಕೆಲಸ ಶುರುವಾಯಿತು.

ಅಂಗಳ ಸಿದ್ಧವಾಯಿತು

ಖೋ ಖೋ ಆಟಕ್ಕೆ ಹೆಚ್ಚು ಖರ್ಚಿಲ್ಲ. ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬ ಸಾಕು. ನಾವು ಸರ್ವೆ ಮರದ ಎರಡು ಕಂಬ ತಂದೆವು. ಕೈಗೆ ಚುಚ್ಚದಂತೆ ನುಣ್ಣಗೆ ಕೆತ್ತಿಸಿದೆವು. ಗೆರೆ ಹಾಕಲು ರಂಗೋಲಿ ಪುಡಿ ಇತ್ತು. ಗೆರೆ ಎಳೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ!

ಆಟದ ನಿಯಮಗಳನ್ನು ಪಿ.ಟಿ. ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಾವು ಕೂಡಿಸಿ ಕೂಡಿಸಿ ಓದಿದೆವು.

ಓಡಿಸುವ ತಂಡದಲ್ಲಿ 9 ಜನ. ಎರಡು ಕಂಬಗಳ ನಡುವೆ 8 ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂರಬೇಕು. ಒಬ್ಬಳು ಈ ಕಡೆ ಮುಖ ಮಾಡಿದರೆ ಪಕ್ಕದವಳು ಆ ಕಡೆ ಮುಖ ಮಾಡಬೇಕು. ಒಂಬತ್ತನೆಯವಳು ಎದುರು ತಂಡದವರನ್ನು ಅಟ್ಟಿಸಿಕೊಂಡು ಹೋಗಬೇಕು. ಎದುರು ತಂಡದಿಂದ ಒಮ್ಮೆಗೆ 3 ಜನ ಅಂಗಳಕ್ಕೆ ಬರುತ್ತಾರೆ.

ತಪ್ಪಿಸಿಕೊಳ್ಳುವವರು ಸಾಲಿನ ನಡುವೆ ನುಸುಳಬಹುದು. ಅಟ್ಟಿಸುವವಳು ನುಸುಳುವ ಹಾಗಿಲ್ಲ. ಓಡುವಾಗ ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ಆ ಕಡೆಗೆ ಹೋಗಬೇಕಾದರೆ ಕಂಬ ಸುತ್ತಿ ಹೋಗಬೇಕು. ಇಲ್ಲವೇ ಕೂತವಳ ಬೆನ್ನು ಮುಟ್ಟಿ “ಖೋ” ಎನ್ನಬೇಕು. ಆಗ ಅವಳು ಎದ್ದು ಓಡುತ್ತಾಳೆ. ಇವಳು ಅವಳ ಜಾಗದಲ್ಲಿ ಕೂರುತ್ತಾಳೆ.

ಇದು ಒಬ್ಬಳೇ ಗೆಲ್ಲುವ ಆಟವಲ್ಲ. ಎಷ್ಟೇ ಜೋರಾಗಿ ಓಡುವವಳಾದರೂ ಖೋ ಕೊಟ್ಟು ಕೂರಲೇಬೇಕು.

ನಾವು ಮಾಡಿದ ತಪ್ಪು

ಮೊದಲ ದಿನ 4 ಹುಡುಗಿಯರು ಬಂದರು. ಆರು ತಿಂಗಳಲ್ಲಿ 16 ಜನ ಆದರು. ಪಕ್ಕದ ಊರಿನವರ ಜೊತೆ ಪಂದ್ಯ ಇಟ್ಟೆವು. ಒಂದೇ ಅಂಕದಿಂದ ಸೋತೆವು. ಕೊನೆಯಲ್ಲಿ ಒಬ್ಬ ಹುಡುಗಿ ಅವಸರದಲ್ಲಿ ಸಾಲಿನ ನಡುವೆ ನುಗ್ಗಿದ್ದಳು. ಅದು ತಪ್ಪು ಆಟ. ನಮಗೆ ಸಿಟ್ಟು ಬಂತು. “ನಿನ್ನಿಂದಲೇ ಸೋತೆವು” ಎಂದು ಎಲ್ಲರ ಎದುರು ಬೈದೆವು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾವೇ ಅವಳ ಮನೆಗೆ ಹೋದೆವು.

“ಮನೇಲೂ ಬೈಸ್ಕೋತೀನಿ. ಅಲ್ಲೂ ಬೈಸ್ಕೋಬೇಕಾ ಅತ್ತೆ?” ಎಂದಳು ಹುಡುಗಿ.

ನಮಗೆ ತಲೆ ಎತ್ತಲಾಗಲಿಲ್ಲ. “ತಪ್ಪಾಯ್ತು ಕಣವ್ವ. ಬಾ” ಎಂದೆವು. ಆಟದಲ್ಲಿ ಸೋತವಳಿಗೆ ಬೈಗುಳ ಬೇಡ. ಎಲ್ಲಿ ತಪ್ಪಿತು ಎಂದು ತೋರಿಸಬೇಕು. ಇನ್ನೊಂದು ಸಲ ಆಡಲು ಬಿಡಬೇಕು. ನಾವು ಅವತ್ತು ಕಲಿತ ಪಾಠ ಇದು.

ಹಾಜರಿ ಪುಸ್ತಕ ಹೇಳಿದ ಮಾತು

ನಾವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬಂತು. ಒಂದು ನೋಟ್ ಪುಸ್ತಕದಲ್ಲಿ ಹುಡುಗಿಯರ ಹೆಸರು ಬರೆದೆವು. ಬಂದವರ ಮುಂದೆ ಗೆರೆ, ಬಾರದವರ ಮುಂದೆ ಸೊನ್ನೆ. ಒತ್ತಕ್ಷರ ತಪ್ಪಾದರೆ ಹುಡುಗಿಯರೇ ತಿದ್ದುತ್ತಿದ್ದರು.

ಮುಂದಿನ ವರ್ಷ ಅದೇ ಹುಡುಗಿಯ ಹೆಸರಿನ ಮುಂದೆ ಒಂದೇ ಸಮನೆ 5 ಸೊನ್ನೆ ಬಂತು. ಅವಳು ಆಗ 9ನೇ ತರಗತಿ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ನೋಡಲು ಹೋದೆವು. ಮನೆಯಲ್ಲಿ ಮದುವೆ ಮಾತು ನಡೆದಿತ್ತು.

“ಒಳ್ಳೆ ಸಂಬಂಧ. ಬಿಟ್ಟರೆ ಸಿಗುತ್ತಾ?” ಎಂದರು ಅವಳ ತಾಯಿ.

ನಾವು ಜಗಳ ಮಾಡಲಿಲ್ಲ. “ಅಕ್ಕಾ, 18 ವರ್ಷ ತುಂಬದೆ ಮದುವೆ ಮಾಡೋದು ಅಪರಾಧ. 2006ರ ಕಾನೂನು ಇದೆ. ಮಾಡಿಸಿದವರಿಗೂ ಶಿಕ್ಷೆ ಆಗುತ್ತೆ” ಎಂದೆವು. ಆಮೇಲೆ ದೊಡ್ಡಮ್ಮ ತಮ್ಮ ಮದುವೆಯ ಕತೆ ಹೇಳಿದರು. 14ನೇ ವರ್ಷಕ್ಕೆ ಮದುವೆ. 15ಕ್ಕೆ ಹೆರಿಗೆ. ಆ ಮಗು ಉಳಿಯಲಿಲ್ಲ. ತಾಯಿ ಕಣ್ಣು ಒರೆಸಿಕೊಂಡರು. ಹುಡುಗಿಯ ತಂದೆ ಒಪ್ಪಲು ಇನ್ನೂ ಒಂದು ತಿಂಗಳು ಬೇಕಾಯಿತು. ನಾವು ನಾಲ್ಕು ಸಲ ಹೋದೆವು. ಮೇಷ್ಟ್ರೂ ಬಂದರು.

ಮದುವೆ ನಿಂತಿತು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಈಗ ಪಿಯುಸಿ ಓದುತ್ತಿದ್ದಾಳೆ. ಭಾನುವಾರ ಬಂದು ಸಣ್ಣ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಸೋತವರಿಗೆ ಅವಳು ಬೈಯುವುದಿಲ್ಲ.

ಎಲ್ಲವೂ ಹೀಗೆ ಒಳ್ಳೆಯದಾಗಲಿಲ್ಲ. ಇಬ್ಬರು ಹುಡುಗಿಯರು ಆಟವನ್ನೂ ಶಾಲೆಯನ್ನೂ ಬಿಟ್ಟು ಕೆಲಸಕ್ಕೆ ಹೋದರು. ಅವರ ಹೆಸರನ್ನು ನಾವು ಪುಸ್ತಕದಿಂದ ಹೊಡೆದು ಹಾಕಿಲ್ಲ.

ಹಳ್ಳಿಯಿಂದ ವಿಶ್ವಕಪ್

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಹೆಣ್ಮಕ್ಕಳು ಕೊನೆಯ ಪಂದ್ಯದಲ್ಲಿ ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ಕಪ್ ಗೆದ್ದ ಆ ತಂಡದಲ್ಲಿ ಚೈತ್ರಾ ಇದ್ದರು. ಅವರ ಊರು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು. ಅದೂ ನಮ್ಮ ಊರಿನಂತೆ ಒಂದು ಹಳ್ಳಿ.

ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ನಮ್ಮ ಹುಡುಗಿಯರೆಲ್ಲ ದೆಹಲಿಗೆ ಹೋಗುವುದಿಲ್ಲ. ಹೋಗಲೇಬೇಕು ಎಂದೂ ಇಲ್ಲ. ಆದರೆ ಹಳ್ಳಿ ಹುಡುಗಿಯಿಂದ ಆಗದು ಎಂಬ ಮಾತನ್ನು ಇನ್ನು ಯಾರೂ ಆಡುವ ಹಾಗಿಲ್ಲ.

ನಮಗೆ ಸಿಕ್ಕಿದ್ದೇನು?

“ಇದರಿಂದ ನಿಮಗೇನು ಲಾಭ? ದುಡ್ಡು ಬರುತ್ತಾ?” ಎಂದು ಊರವರು ಕೇಳುತ್ತಾರೆ. ದುಡ್ಡು ಬರುವುದಿಲ್ಲ. ದಿನಕ್ಕೆ ಒಂದು ಗಂಟೆ ನಮ್ಮದೇ ಹೋಗುತ್ತದೆ.

ಆದರೆ ಹುಡುಗಿಯರು ನಮ್ಮನ್ನು ನಂಬುತ್ತಾರೆ. ಮನೆಯಲ್ಲಿ ಹೇಳಲಾಗದ್ದನ್ನು ನಮ್ಮ ಹತ್ತಿರ ಹೇಳುತ್ತಾರೆ. ಅವರಿಗಾಗಿ ನಾವು ಶಾಲೆಗೆ ಹೋಗಿ ಮಾತಾಡಿದೆವು. ಪಂಚಾಯ್ತಿಗೆ ಅರ್ಜಿ ಬರೆದೆವು. ಮೈದಾನಕ್ಕೆ ದೀಪ ಬಂತು. ಮೊದಲು ನಮಗೆ ಇಷ್ಟು ಧೈರ್ಯ ಇರಲಿಲ್ಲ. ಹುಡುಗಿಯರಿಗೆ ಧೈರ್ಯ ಕಲಿಸಲು ಹೋಗಿ ನಾವೂ ಕಲಿತೆವು.

ಮೊನ್ನೆ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಅಂಗಳಕ್ಕೆ ಇಳಿದರು. ಒಂದು ಸುತ್ತು ಓಡಿದರು. ಯಾರೂ ಅವರನ್ನು ಮುಟ್ಟಲಾಗಲಿಲ್ಲ. ಹುಡುಗಿಯರು ಬೇಕೆಂದೇ ಬಿಟ್ಟರೋ ಏನೋ. ದೊಡ್ಡಮ್ಮ ಮಾತ್ರ ಅದನ್ನು ಒಪ್ಪುವುದಿಲ್ಲ!

ನೀವೂ ಶುರು ಮಾಡಿ

1. ಅಂಗಳದ ಕಲ್ಲು, ಗಾಜು, ಮುಳ್ಳು ಮೊದಲು ಆರಿಸಿ.
2. ಆಟಕ್ಕೆ ಮುಂಚೆ ಮೆಲ್ಲಗೆ ಓಡಿಸಿ. ಕೈಕಾಲು ಸಡಿಲ ಮಾಡಿಸಿ.
3. ಕುಡಿಯುವ ನೀರು ಹತ್ತಿರ ಇರಲಿ. ಬೇಯಿಸಿದ ಕಡಲೆಕಾಯಿ, ಬೆಲ್ಲ ಕೊಟ್ಟರೆ ಒಳ್ಳೆಯದು.
4. ಮುಟ್ಟಿನ ದಿನಗಳಲ್ಲಿ ಆಡಬಾರದು ಎಂದೇನೂ ಇಲ್ಲ. ಆಡುವುದೋ ಬಿಡುವುದೋ ಹುಡುಗಿಯೇ ಹೇಳಲಿ.
5. ಕಾಲು ಉಳುಕಿದರೆ ತಿಕ್ಕಬೇಡಿ. ತಣ್ಣೀರು ಬಟ್ಟೆ ಸುತ್ತಿ. ಊತ, ನೋವು ಹೆಚ್ಚಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.
6. ಚೆನ್ನಾಗಿ ಆಡದವಳಿಗೂ ಆಡಲು ಸರದಿ ಕೊಡಿ.
7. ಕತ್ತಲಾಗುವ ಮುಂಚೆ ಎಲ್ಲರನ್ನೂ ಮನೆ ಮುಟ್ಟಿಸಿ.
8. ಮಕ್ಕಳಿಗೆ ತೊಂದರೆ ಆದರೆ, ಬಾಲ್ಯವಿವಾಹದ ಸುದ್ದಿ ತಿಳಿದರೆ 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ.

ಓದಿ ಉತ್ತರ ಹೇಳಿ

1. ದೊಡ್ಡಮ್ಮ ಖೋ ಖೋ ಆಡುವುದನ್ನು ಯಾಕೆ ಬಿಟ್ಟರು?
2. ಹುಡುಗಿಯ ಮನೆಯಲ್ಲಿ ಮದುವೆ ಮಾತು ನಡೆದದ್ದು ಹೇಗೆ ತಿಳಿಯಿತು?
3. ಎಷ್ಟು ವರ್ಷ ತುಂಬುವ ಮುಂಚೆ ಹೆಣ್ಣಿಗೆ ಮದುವೆ ಮಾಡಬಾರದು?

ಕೂಡಿ ಮಾತಾಡಿ

ನಿಮ್ಮ ಊರಿನ ಹುಡುಗಿಯರು ಸಂಜೆ ಹೊತ್ತು ಏನು ಮಾಡುತ್ತಾರೆ? ಅವರಿಗೆ ಆಡಲು ಜಾಗ ಇದೆಯೇ?

ಬರೆಯಿರಿ

ನೀವು ಚಿಕ್ಕಂದಿನಲ್ಲಿ ಆಡಿದ ಮೂರು ಆಟಗಳ ಹೆಸರು ಬರೆಯಿರಿ. ಅದರಲ್ಲಿ ಒಂದನ್ನು ಈ ವಾರ ನಿಮ್ಮ ಬೀದಿಯ ಹುಡುಗಿಯರಿಗೆ ಕಲಿಸಿ.