ಶಾಲೆಯ ಅಳತೆಗೋಲು

ಅಳತೆಯಿಲ್ಲದೆ ಲೋಕವ್ಯವಹಾರವಿಲ್ಲ. ರೈತನು ತನ್ನ ಬೆಳೆಯನ್ನು ಅಳೆಯುತ್ತಾನೆ. ವರ್ತಕನು ಸರಕನ್ನು ತೂಗುತ್ತಾನೆ. ಶಿರಸಿಯ ಅಡಿಕೆ ಪೇಟೆಯಲ್ಲಿ ಚೀಲಗಳು ತಕ್ಕಡಿಯನ್ನೇರಿದ ಮೇಲೆಯೇ ಬೆಲೆಯ ಮಾತು ಪೂರ್ಣವಾಗುವುದು. ಹೀಗಿರುವಾಗ, ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಯನ್ನು ಮಾತ್ರ ಅಳೆಯದೆ ಬಿಡಬೇಕೆಂದು ಯಾರೂ ಹೇಳಲಾರರು. ಶಾಲೆಗಾಗಿ ಎಷ್ಟು ವೆಚ್ಚವಾಯಿತು, ಅದರಿಂದ ಮಕ್ಕಳು ಎಷ್ಟು ಕಲಿತರು ಎಂದು ಕೇಳುವ ಹಕ್ಕು ತೆರಿಗೆ ತೆರುವ ಪ್ರತಿಯೊಬ್ಬನಿಗೂ ಇದೆ. ಆದರೆ ಅಡಿಕೆಯನ್ನು ತೂಗಿದಷ್ಟು ಸುಲಭವಾಗಿ ವಿದ್ಯೆಯನ್ನು ತೂಗಲು ಬರುವುದಿಲ್ಲ. ಅಳತೆಗೋಲು ತಪ್ಪಿದರೆ ಅಡಿಕೆಯ ವ್ಯವಹಾರದಲ್ಲಿ ಆಗುವುದು ಹಣದ ನಷ್ಟ; ಶಾಲೆಯ ವಿಷಯದಲ್ಲಿ ಆಗುವುದು ಮಗುವಿನ ಬಾಳಿನ ನಷ್ಟ. ಆದುದರಿಂದ ಈ ಅಳತೆಯ ಬಗೆಯನ್ನು ಕುರಿತು ನಾವು ತುಸು ವಿಚಾರ ಮಾಡುವುದು ಅವಶ್ಯ.

ನಮ್ಮ ರಾಜ್ಯದಲ್ಲಿ ಶಾಲೆಗಳ ಆಡಳಿತಕ್ಕಾಗಿ ಕೆಲವು ಕಂದಾಯ ಜಿಲ್ಲೆಗಳನ್ನು ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಭಾಗಿಸಲಾಗಿದೆ. ಬೆಳಗಾವಿಯಲ್ಲಿ ಚಿಕ್ಕೋಡಿಯೂ, ತುಮಕೂರಿನಲ್ಲಿ ಮಧುಗಿರಿಯೂ, ಉತ್ತರ ಕನ್ನಡದಲ್ಲಿ ಶಿರಸಿಯೂ ಇಂತಹ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳು. ಕರಾವಳಿಯ ತಾಲ್ಲೂಕುಗಳು ಕಾರವಾರದ ಕಡೆಗೆ ಸೇರಿದರೆ, ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ ಮತ್ತು ಜೋಯಿಡಾ ಸೀಮೆಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿ ಉಪನಿರ್ದೇಶಕರು ಶಾಲಾ ಶಿಕ್ಷಣದ ಮುಖ್ಯಾಧಿಕಾರಿಗಳು. ಅವರ ಕೈಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿರುತ್ತಾರೆ.

ಈ ಸೀಮೆಯ ಸ್ವರೂಪವನ್ನು ಅರಿಯದೆ ಇಲ್ಲಿಯ ಶಾಲೆಗಳನ್ನು ಅಳೆಯುವುದು ಸಾಧ್ಯವಿಲ್ಲ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಾಂದ್ರತೆಯು ಚದರ ಕಿಲೋಮೀಟರಿಗೆ 140 ಮಾತ್ರ. ಇಡೀ ರಾಜ್ಯದ್ದು 319. ಜಿಲ್ಲೆಯ ಬಹುಭಾಗ ಅರಣ್ಯ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ನೂರಾರು ಮನೆಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾದರೋ ಊರೆಂದರೆ ಕಣಿವೆಯಲ್ಲೊಂದು ಅಡಿಕೆ ತೋಟ, ಅದರ ಮೇಲೊಂದು ಸೊಪ್ಪಿನ ಬೆಟ್ಟ, ನಡುವೆ ನಾಲ್ಕಾರು ಮನೆಗಳು. ಮತ್ತೆ ಕಾಡು, ಮತ್ತೊಂದು ಕಣಿವೆ. ಯಲ್ಲಾಪುರದ ಕಾಡಿನ ಅಂಚಿನಲ್ಲಿ ಸಿದ್ದಿಯರ ಮತ್ತು ಗೌಳಿಗರ ಚಿಕ್ಕ ಚಿಕ್ಕ ವಸತಿಗಳಿವೆ. ಮನೆಗಳು ಚದುರಿರುವಲ್ಲಿ ಮಕ್ಕಳೂ ಚದುರಿರುತ್ತಾರೆ. ಮಕ್ಕಳು ಚದುರಿರುವಲ್ಲಿ ಶಾಲೆಗಳು ಚಿಕ್ಕವಾಗಿರುತ್ತವೆ. ಹೀಗಿದ್ದೂ 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 84ನ್ನು ಮುಟ್ಟಿ, ಶೇಕಡಾ 75ರಷ್ಟಿದ್ದ ರಾಜ್ಯದ ಸರಾಸರಿಯನ್ನು ಮೀರಿತ್ತು. ಈ ಸಾಧನೆಯಲ್ಲಿ ಕಾಡಿನ ನಡುವಣ ಚಿಕ್ಕ ಶಾಲೆಗಳ ಪಾಲು ಅಲ್ಪವಲ್ಲ.

ಶಾಲೆಗಳನ್ನು ಅಳೆಯಲು ಸಾಮಾನ್ಯವಾಗಿ ಎರಡು ಅಂಕೆಗಳನ್ನು ಬಳಸುತ್ತಾರೆ. ಮೊದಲನೆಯದು ಪರೀಕ್ಷೆಯಲ್ಲಿ ತೇರ್ಗಡೆಯಾದವರ ಶೇಕಡಾವಾರು ಪ್ರಮಾಣ. ಎರಡನೆಯದು ಒಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚ. ಎರಡೂ ಉಪಯುಕ್ತವಾದ ಅಂಕೆಗಳೇ. ಆದರೆ ಎರಡೂ ಭಾಗಾಕಾರದಿಂದ ಹುಟ್ಟಿದವು. ಭಾಗಾಕಾರದಲ್ಲಿ ಭಾಜ್ಯವನ್ನು ನೋಡಿ ಭಾಜಕವನ್ನು ಮರೆತರೆ ಉತ್ತರ ತಿಳಿದೂ ತಿಳಿಯದಂತಾಗುತ್ತದೆ.

ಮೊದಲು ಫಲಿತಾಂಶವನ್ನು ನೋಡೋಣ. ಒಂದು ಹಳ್ಳಿಯ ಪ್ರೌಢಶಾಲೆಯಿಂದ ವರ್ಷಕ್ಕೆ 8 ಮಂದಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವರೆಂದು ಭಾವಿಸೋಣ. ಐದು ವರ್ಷಗಳಲ್ಲಿ ಅನುಕ್ರಮವಾಗಿ 8, 7, 8, 6, 8 ಮಂದಿ ತೇರ್ಗಡೆಯಾದರು. ಆಗ ಶಾಲೆಯ ಫಲಿತಾಂಶವು ಶೇಕಡಾ 100, 87.5, 100, 75, 100 ಎಂದು ಏರಿಳಿಯುತ್ತದೆ. ಒಬ್ಬ ವಿದ್ಯಾರ್ಥಿಗೆ ಪರೀಕ್ಷೆಯ ದಿನ ಜ್ವರ ಬಂದರೂ ಶಾಲೆಯ ಫಲಿತಾಂಶ ಹನ್ನೆರಡೂವರೆ ಅಂಶ ಕೆಳಗಿಳಿಯುತ್ತದೆ. ಪಟ್ಟಣದಲ್ಲಿ 200 ಮಂದಿ ಓದುವ ಶಾಲೆಗಾದರೆ ಒಬ್ಬನಿಂದ ಆಗುವ ವ್ಯತ್ಯಾಸ ಅರ್ಧ ಅಂಶ ಮಾತ್ರ. ಆದುದರಿಂದ ಯಾದಿಯ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಸಹಜ. ಒಂದು ವರ್ಷದ ಅಂಕೆಯಿಂದ ಚಿಕ್ಕ ಶಾಲೆಯನ್ನು ಹೊಗಳುವುದೂ ತೆಗಳುವುದೂ ಸಲ್ಲದು. ಐದು ವರ್ಷಗಳನ್ನು ಒಟ್ಟುಗೂಡಿಸಿ ನೋಡಿದರೆ 40 ಮಂದಿಯಲ್ಲಿ 37 ಮಂದಿ ತೇರ್ಗಡೆಯಾಗಿದ್ದಾರೆ. ಅಂದರೆ ಶೇಕಡಾ 92.5. ಇದು ನಂಬಬಹುದಾದ ಅಂಕೆ.

ಇನ್ನೊಂದು ಸೂಕ್ಷ್ಮವೂ ಉಂಟು. ಎಂಟನೆಯ ತರಗತಿಗೆ 40 ಮಕ್ಕಳು ಸೇರಿದ ಎರಡು ಶಾಲೆಗಳಿವೆ ಎನ್ನೋಣ. ಮೊದಲನೆಯ ಶಾಲೆಯಲ್ಲಿ 10 ಮಂದಿ ನಡುವೆ ಓದು ಬಿಟ್ಟರು. ಉಳಿದ 30 ಮಂದಿ ಪರೀಕ್ಷೆಗೆ ಕುಳಿತು ಎಲ್ಲರೂ ತೇರ್ಗಡೆಯಾದರು. ಎರಡನೆಯದರಲ್ಲಿ 40 ಮಂದಿಯೂ ಪರೀಕ್ಷೆಗೆ ಕುಳಿತರು. 34 ಮಂದಿ ತೇರ್ಗಡೆಯಾದರು. ಪತ್ರಿಕೆಯಲ್ಲಿ ಮೊದಲನೆಯ ಶಾಲೆಗೆ ಶೇಕಡಾ 100, ಎರಡನೆಯದಕ್ಕೆ 85. ಆದರೆ ಸೇರಿದ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೆ ಮೊದಲನೆಯದು ದಡ ಸೇರಿಸಿದ್ದು ಶೇಕಡಾ 75 ಮಂದಿಯನ್ನು. ಎರಡನೆಯದು 85 ಮಂದಿಯನ್ನು. ಕೂಲಿಗೆ ಹೋದ ಹುಡುಗನೂ, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹುಡುಗಿಯೂ ಫಲಿತಾಂಶದ ಹಾಳೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾಣದವರನ್ನು ಎಣಿಸದ ಅಳತೆಯು ಪೂರ್ಣವಾದ ಅಳತೆಯಲ್ಲ.

ಅಳತೆಗೋಲೇ ಬದಲಾಗುವುದೂ ಉಂಟು. ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವು 2020ರಲ್ಲಿ ಶೇಕಡಾ 71.80 ಇದ್ದುದು 2021ರಲ್ಲಿ 99.9ಕ್ಕೆ ಏರಿತು. ಮಕ್ಕಳೆಲ್ಲ ಒಂದೇ ವರ್ಷದಲ್ಲಿ ಪಂಡಿತರಾದರೆಂದು ಇದರ ಅರ್ಥವಲ್ಲ. ಕೊರೋನಾ ಪಿಡುಗಿನ ಕಾರಣ ಆ ವರ್ಷ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಿಂದ ನಡೆಸಲಾಗಿತ್ತು. 2023ರಲ್ಲಿ 83.89 ಇದ್ದ ಪ್ರಮಾಣವು 2024ರ ಮೊದಲ ಪರೀಕ್ಷೆಯಲ್ಲಿ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾಗಳ ಮೂಲಕ ವೆಬ್‌ಕಾಸ್ಟಿಂಗ್ ಕಣ್ಗಾವಲು ಜಾರಿಗೆ ಬಂದಿತ್ತು. ಪರೀಕ್ಷೆಯ ಕ್ರಮ ಬದಲಾದಾಗ ಹಿಂದಿನ ವರ್ಷದ ಅಂಕೆಯೊಡನೆ ಈ ವರ್ಷದ ಅಂಕೆಯನ್ನು ನೇರವಾಗಿ ಹೋಲಿಸಲಾಗದು.

ಇನ್ನು ವೆಚ್ಚದ ವಿಷಯ. ಶಾಲೆಯ ವೆಚ್ಚದಲ್ಲಿ ಬಹುಪಾಲು ಶಿಕ್ಷಕರ ಸಂಬಳ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 1ರಿಂದ 5ನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಒಂದು ಶಾಲೆಯಲ್ಲಿ 60 ಮಕ್ಕಳೂ ಇನ್ನೊಂದರಲ್ಲಿ 12 ಮಕ್ಕಳೂ ಇದ್ದು, ಎರಡು ಕಡೆಯೂ ಇಬ್ಬರೇ ಶಿಕ್ಷಕರಿದ್ದರೆ, ಚಿಕ್ಕ ಶಾಲೆಯಲ್ಲಿ ತಲಾ ಸಂಬಳದ ವೆಚ್ಚ ಐದು ಪಟ್ಟು. ಕಡತದಲ್ಲಿ ಅದು ದುಂದಿನಂತೆ ತೋರುತ್ತದೆ. ವಾಸ್ತವವಾಗಿ ಅಲ್ಲಿ ಯಾರೂ ದುಂದು ಮಾಡಿಲ್ಲ. ಅದು ದೂರದ ಬೆಲೆ, ಕಾಡಿನ ಬೆಲೆ.

ಶಾಲೆಗೆ ದೊರೆಯುವ ಅನುದಾನವನ್ನೂ ಹೀಗೆಯೇ ಎರಡು ಕಣ್ಣುಗಳಿಂದ ನೋಡಬೇಕು. ಸಮಗ್ರ ಶಿಕ್ಷಣ ಯೋಜನೆಯ 2021ರ ಪರಿಷ್ಕೃತ ನಿಯಮದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿಯೂ, 101ರಿಂದ 250 ಮಕ್ಕಳಿರುವ ಶಾಲೆಗೆ 50,000 ರೂಪಾಯಿಯೂ ಸಂಯುಕ್ತ ಅನುದಾನವೆಂದು ಗೊತ್ತಾಗಿದೆ. 20 ಮಕ್ಕಳ ಶಾಲೆಯಲ್ಲಿ ಒಬ್ಬರಿಗೆ 500 ರೂಪಾಯಿ. 250 ಮಕ್ಕಳ ಶಾಲೆಯಲ್ಲಿ 200 ರೂಪಾಯಿ. ತಲೆಯೆಣಿಕೆಯಲ್ಲಿ ಚಿಕ್ಕ ಶಾಲೆಯೇ ಶ್ರೀಮಂತ. ಆದರೆ ಮಲೆನಾಡಿನ ಮಳೆಗೆ ಮಾಡಿನ ಹೆಂಚು ಒಡೆದು ತರಗತಿಯಲ್ಲಿ ನೀರು ಸೋರಿದಾಗ, ಆ ಮಾಡು ಒಳಗೆ ಕುಳಿತ ಮಕ್ಕಳೆಷ್ಟೆಂದು ಕೇಳುವುದಿಲ್ಲ. ಹೆಂಚು, ರೀಪು, ಕೂಲಿ ಇವುಗಳಿಗೆಲ್ಲ ಹತ್ತು ಸಾವಿರದಲ್ಲಿಯೇ ದಾರಿ ಕಾಣಬೇಕು.

ಇಲ್ಲಿಯೇ ಬಹು ಮುಖ್ಯವಾದ ಪ್ರಶ್ನೆಯೊಂದು ಹುಟ್ಟುತ್ತದೆ. ತಲಾ ವೆಚ್ಚ ಹೆಚ್ಚೆಂದು ಚಿಕ್ಕ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ದೂರದ ದೊಡ್ಡ ಶಾಲೆಗೆ ಸೇರಿಸಿದರೆ ಉಳಿತಾಯವಾಗುವುದಿಲ್ಲವೇ? ಸರ್ಕಾರದ ಲೆಕ್ಕದಲ್ಲಿ ಉಳಿತಾಯವಾಗಬಹುದು. ಆದರೆ ಅಳಿಸಿಹೋದಂತೆ ಕಂಡ ವೆಚ್ಚವು ಅಲ್ಲಿಂದ ಮಗುವಿನ ಮನೆಯ ಲೆಕ್ಕಕ್ಕೆ ಸರಿದಿರುತ್ತದೆ. ಮಗುವನ್ನು ಶಾಲೆಗೆ ಮುಟ್ಟಿಸಲು ತಾಯಿ ಅರ್ಧ ದಿನದ ಕೂಲಿಯನ್ನು ಬಿಡಬೇಕಾಗಬಹುದು. ವಾಹನಕ್ಕೆ ಹಣ ತೆರಬೇಕಾಗಬಹುದು. ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳು 5ನೆಯ ತರಗತಿಯವರೆಗೆ 1 ಕಿಲೋಮೀಟರಿನೊಳಗೂ, 6ರಿಂದ 8ರವರೆಗೆ 3 ಕಿಲೋಮೀಟರಿನೊಳಗೂ ಶಾಲೆ ಇರಬೇಕೆನ್ನುತ್ತವೆ. ನಕ್ಷೆಯ ಮೇಲೆ ಒಂದು ಕಿಲೋಮೀಟರು ಎಲ್ಲೆಡೆಯೂ ಒಂದೇ. ಆದರೆ ಆಷಾಢದ ಮಳೆಯಲ್ಲಿ ಹಳ್ಳ ಉಕ್ಕಿ ಕಾಲುಸಂಕ ಮುಳುಗಿದಾಗ ಆ ಒಂದು ಕಿಲೋಮೀಟರು ಏಳು ವರ್ಷದ ಮಗುವಿಗೆ ದಾಟಲಾಗದ ದೂರ. ದೂರದ ಶಾಲೆಗೆ ಹೋಗಲಾರದೆ ಮಗು ಓದು ಬಿಟ್ಟರಂತೂ, ಆ ನಷ್ಟವನ್ನು ಬರೆಯುವ ಅಂಕಣ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇರುವುದಿಲ್ಲ.

ಹಾಗೆಂದು, ಚಿಕ್ಕದಾದುದೆಲ್ಲ ಒಳ್ಳೆಯದೆಂದು ವಾದಿಸುವುದೂ ಸರಿಯಲ್ಲ. ಒಬ್ಬಿಬ್ಬರು ಶಿಕ್ಷಕರು ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವುದು ಕಷ್ಟದ ಕೆಲಸ. ನಾಲ್ಕು ಮಕ್ಕಳಿರುವಲ್ಲಿ ಆಟಕ್ಕೆ ಜೊತೆಯಿಲ್ಲ, ಚರ್ಚೆಗೆ ಜೊತೆಯಿಲ್ಲ. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರೂ, ಪ್ರಯೋಗಶಾಲೆಯೂ, ಗ್ರಂಥಾಲಯವೂ ಇರುವ ಸಂಭವ ಹೆಚ್ಚು. ಸುರಕ್ಷಿತವಾದ ವಾಹನವಿದ್ದು ದಾರಿ ಸುಗಮವಾಗಿರುವೆಡೆ ಶಾಲೆಗಳನ್ನು ಕೂಡಿಸುವುದರಿಂದ ಮಕ್ಕಳಿಗೆ ಹಿತವೇ ಆದೀತು. ಆದರೆ ಕೂಡಿಸಬೇಕೋ ಉಳಿಸಬೇಕೋ ಎಂಬುದನ್ನು ತಲಾ ವೆಚ್ಚವೆಂಬ ಒಂದೇ ಅಂಕೆಯಿಂದ ನಿರ್ಧರಿಸುವಂತಿಲ್ಲ. ಆ ದಾರಿಯನ್ನು ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿದವರ ಮಾತಿಗೂ ಅಲ್ಲಿ ಬೆಲೆಯಿರಬೇಕು.

ಒಂದೇ ಅಂಕೆಗೆ ಹಣವನ್ನು ಕಟ್ಟಿಹಾಕಿದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ. 1862ರಲ್ಲಿ, ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿದ ವರ್ಷದಲ್ಲಿಯೇ, ಇಂಗ್ಲೆಂಡಿನಲ್ಲಿ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ಪದ್ಧತಿ ಜಾರಿಗೆ ಬಂದಿತು. ಪ್ರತಿ ಮಗುವಿನ ಹಾಜರಿಗೆ 4 ಷಿಲಿಂಗ್. ಓದು, ಬರಹ, ಲೆಕ್ಕಗಳ ಪರೀಕ್ಷೆಗೆ 8 ಷಿಲಿಂಗ್. ಮಗು ತಪ್ಪಿದರೆ ಶಾಲೆಯ ಹಣ ಕಡಿತ. ಪರಿಣಾಮವೇನಾಯಿತು? ಶಿಕ್ಷಕರು ಪರೀಕ್ಷೆಗೆ ಬರುವಷ್ಟನ್ನೇ ಕಲಿಸತೊಡಗಿದರು. ಮಕ್ಕಳು ಪುಸ್ತಕವನ್ನು ಅರ್ಥಮಾಡಿಕೊಳ್ಳದೆ ಬಾಯಿಪಾಠ ಮಾಡಿದರು. ಪರೀಕ್ಷೆಗಿಲ್ಲದ ವಿಷಯಗಳು ಮೂಲೆಗೆ ಬಿದ್ದವು. ಶಾಲಾ ತಪಾಸಕನೂ ಕವಿಯೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಬಲವಾಗಿ ವಿರೋಧಿಸಿದನು. ನಮ್ಮ ಬೊಂಬಾಯಿ, ಮದರಾಸು ಪ್ರಾಂತಗಳಲ್ಲಿಯೂ ಈ ಪದ್ಧತಿ ಕೆಲಕಾಲ ನಡೆಯಿತು. ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಅದನ್ನು ಕೈಬಿಡಲಾಯಿತು.

ಹಾಗಾದರೆ ಸರಿಯಾದ ಅಳತೆ ಯಾವುದು? ಒಂದು ಕೋಲಿನ ಬದಲು ಹಲವು ಕೋಲುಗಳಿಂದ ಅಳೆಯುವುದೇ ಇದಕ್ಕೆ ಉತ್ತರ. ರಾಜ್ಯದ ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ತಾಲ್ಲೂಕುಗಳ ಸ್ಥಿತಿಯನ್ನು ಒಂದೆರಡಲ್ಲ, 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಆ ಅಳತೆಯ ಉದ್ದೇಶ ಹಿಂದುಳಿದವರನ್ನು ಹೀಯಾಳಿಸುವುದಾಗಿರಲಿಲ್ಲ. ಎಲ್ಲಿಗೆ ಹೆಚ್ಚು ನೆರವು ಸಲ್ಲಬೇಕೆಂದು ತೋರಿಸುವುದಾಗಿತ್ತು. ಶಾಲೆಯ ಅಳತೆಯೂ ಹೀಗೆಯೇ ಇರಬೇಕು. ಸೇರಿದವರಲ್ಲಿ ಎಷ್ಟು ಮಂದಿ ಕೊನೆಯವರೆಗೆ ಉಳಿದರು? ಮಗು ಬಂದಾಗ ಎಷ್ಟು ತಿಳಿದಿತ್ತು, ಹೊರಟಾಗ ಎಷ್ಟು ಕಲಿತಿತ್ತು? ಹಲವು ವರ್ಷಗಳ ಫಲಿತಾಂಶ ಒಟ್ಟಾಗಿ ಏನು ಹೇಳುತ್ತದೆ? ಕೊಟ್ಟ ಹಣ ಯಾವುದಕ್ಕೆ ವೆಚ್ಚವಾಯಿತು, ಇನ್ನೂ ಏನು ಬಾಕಿಯಿದೆ? ಶಾಲೆ ಇಲ್ಲದಿದ್ದರೆ ಮಗು ಎಷ್ಟು ದೂರ ನಡೆಯಬೇಕು? ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತರೆ ಶಾಲೆಯ ನಿಜವಾದ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ.

ತೋಟವನ್ನು ಬಲ್ಲ ರೈತನು ಈ ಮಾತನ್ನು ಸುಲಭವಾಗಿ ಒಪ್ಪುವನು. ಫಸಲು ಕಡಿಮೆಯಾದ ವರ್ಷ ಅವನು ತೋಟವನ್ನು ಕಡಿದುಹಾಕುವುದಿಲ್ಲ. ಮಳೆ ಹೆಚ್ಚಾಗಿ ಕೊಳೆರೋಗ ಬಂದಿತೇ, ಗೊಬ್ಬರ ಸಾಲದಾಯಿತೇ, ಬಸಿಗಾಲುವೆ ಕಟ್ಟಿಕೊಂಡಿತೇ ಎಂದು ಮರಮರದ ಬುಡದಲ್ಲಿ ನಿಂತು ಪರೀಕ್ಷಿಸುತ್ತಾನೆ. ಕಾರಣ ತಿಳಿದ ಮೇಲೆ ತಕ್ಕ ಉಪಾಯ ಮಾಡುತ್ತಾನೆ.

ನಿಮ್ಮ ಶಾಲೆಗೂ ಒಂದು ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರಬಹುದು. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂತಹ ಸಮಿತಿಗಳು ರಚನೆಯಾಗಿದ್ದು, ಪಾಲಕರು ಅವುಗಳಲ್ಲಿ ಸದಸ್ಯರಾಗಿರುತ್ತಾರೆ. ನಾಳೆ ನೀವು ಪಾಲಕರಾಗಿಯೋ, ಶಿಕ್ಷಕರಾಗಿಯೋ, ಅಧಿಕಾರಿಗಳಾಗಿಯೋ ಅಂತಹ ಸಭೆಗಳಲ್ಲಿ ಕೂರುವಿರಿ. ಆಗ ಯಾರಾದರೂ ಒಂದು ಅಂಕೆಯನ್ನು ಮುಂದಿಟ್ಟು ಒಂದು ಶಾಲೆಯ ಹಣೆಬರಹವನ್ನು ತೀರ್ಮಾನಿಸಹೊರಟರೆ, ಆ ಅಂಕೆಯು ಯಾರನ್ನು ಎಣಿಸಿದೆ, ಯಾರನ್ನು ಬಿಟ್ಟಿದೆ ಎಂದು ಕೇಳುವುದನ್ನು ಮರೆಯಬಾರದು. ಉತ್ತರ ಸಿಗುವವರೆಗೆ ಆ ಶಾಲೆಯ ಬಾಗಿಲು ತೆರೆದಿರುವುದೇ ಲೇಸು.