ಸಣ್ಣ ಇಂಗ್ಲಿಷ್ ಪದ, ದೊಡ್ಡ ವ್ಯತ್ಯಾಸ



ಹೊನ್ನಾವರ ಕಡೆಯ ಒಂದು ಸಂಘದವರು ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿಕೊಂಡು ನನ್ನ ಹತ್ತಿರ ತಂದರು. ಒಣಮೀನು ವ್ಯಾಪಾರಕ್ಕೆ 50,000 ರೂಪಾಯಿ ಸಾಲ ಬೇಕಿತ್ತು. ಅರ್ಜಿಯಲ್ಲಿ ‘ವಿ ವಾಂಟ್ ಟು ಲೆಂಡ್’ ಅಂತ ಇತ್ತು. ಅಂದರೆ, ‘ನಾವು ಸಾಲ ಕೊಡುತ್ತೇವೆ’! ಎಲ್ಲರೂ ನಕ್ಕೆವು. ಆದರೆ ಒಬ್ಬ ಸಹೋದರಿ ನಗಲಿಲ್ಲ. ಸಾಕ್ಷಿ ಸಹಿ ಅಂತ ತಿಳಿದು ಅವರು ನೆಂಟರ ಸಾಲದ ಕಾಗದಕ್ಕೆ ಸಹಿ ಹಾಕಿದ್ದರು. ಅಲ್ಲಿದ್ದ ಪದ ‘ಗ್ಯಾರಂಟರ್’. ನೆಂಟರು ಕಂತು ಕಟ್ಟಲಿಲ್ಲ, ನೋಟಿಸ್ ಇವರ ಮನೆಗೆ ಬಂತು.

ಅದಕ್ಕೇ ಈ ಸಲ ಐದು ಪದಗಳ ಪಾಠ.

1. ಲೆಂಡ್, ಬಾರೋ: ಕನ್ನಡದಲ್ಲಿ ‘ಸಾಲ’ ಒಂದೇ ಪದ. ಕೊಟ್ಟರೂ ಸಾಲ, ತಗೊಂಡರೂ ಸಾಲ. ಇಂಗ್ಲಿಷಿನಲ್ಲಿ ಕೊಡುವುದು ‘ಲೆಂಡ್’, ತೆಗೆದುಕೊಳ್ಳುವುದು ‘ಬಾರೋ’. ಅರ್ಜಿಯಲ್ಲಿ ನಾವು ಬರೆಯಬೇಕಾದದ್ದು ‘ಬಾರೋ’.

2. ಟು, ಫ್ರಮ್: ನಾವು ‘ಗೆ’, ‘ಇಂದ’ ಎಂಬುದನ್ನು ಹೆಸರಿನ ಹಿಂದೆ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಅದು ಹೆಸರಿನ ಮುಂದೆ ಬರುತ್ತದೆ. ‘ಪೇಡ್ ಟು’ ಅಂದರೆ ಅವರಿಗೆ ಕೊಟ್ಟೆವು. ‘ರಿಸೀವ್ಡ್ ಫ್ರಮ್’ ಅಂದರೆ ಅವರಿಂದ ಬಂತು. ಈರುಳ್ಳಿ ಮಾರಿದ ರಶೀದಿಯಲ್ಲಿ ಇದು ತಪ್ಪಿದರೆ ಜಮೆ ಖರ್ಚಾಗುತ್ತದೆ.

3. ಬೈ, ಆಫ್ಟರ್: ‘ಬೈ 10 ಜೂನ್’ ಅಂದರೆ ಜೂನ್ 10ರ ಒಳಗೆ, ಆ ದಿನವೂ ಸೇರಿ. ‘ಆಫ್ಟರ್’ ಅಂದರೆ ಆಮೇಲೆ. ಕಂತಿನ ಕಾಗದದಲ್ಲಿ ‘ಬೈ’ ಕಂಡರೆ ಕಾಯುತ್ತಾ ಕೂರಬೇಡಿ.

4. ಬ್ಯಾಲೆನ್ಸ್: ಇದನ್ನು ನಾವು ‘ಬಾಕಿ’ ಅನ್ನುತ್ತೇವೆ. ಉಳಿತಾಯದ ಪಾಸ್‌ಬುಕ್ಕಿನಲ್ಲಿ ಅದು ನಮ್ಮ ಉಳಿದ ಹಣ. ಸಾಲದ ಖಾತೆಯಲ್ಲಿ ‘ಔಟ್‌ಸ್ಟ್ಯಾಂಡಿಂಗ್ ಬ್ಯಾಲೆನ್ಸ್’ ಅಂದರೆ ನಾವು ಇನ್ನೂ ಕಟ್ಟಬೇಕಾದ ಹಣ. ಯಾವ ಖಾತೆ ಅಂತ ಮೊದಲು ನೋಡಿ.

5. ವಿಟ್ನೆಸ್, ಗ್ಯಾರಂಟರ್: ‘ವಿಟ್ನೆಸ್’ ಸಾಕ್ಷಿ, ಸಹಿ ಹಾಕಿದ್ದನ್ನು ಕಂಡವರು. ‘ಗ್ಯಾರಂಟರ್’ ಜಾಮೀನುದಾರ. ‘ಶೂರಿಟಿ’ ಅಂತ ಇದ್ದರೂ ಅದೇ ಅರ್ಥ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲಗಾರರಷ್ಟೇ ಹೊಣೆ ಜಾಮೀನುದಾರರಿಗೂ ಇದೆ. ಸಹಿಗೆ ಮುಂಚೆ ಆ ಪದದ ಮೇಲೆ ಬೆರಳಿಟ್ಟು, ‘ಇದೇನು?’ ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಇಂಗ್ಲಿಷಿನಲ್ಲಿ ಬರೆಯಲೇಬೇಕಾದರೆ ಉದ್ದ ವಾಕ್ಯ ಬೇಡ. ಒಂದು ವಾಕ್ಯದಲ್ಲಿ ಒಂದೇ ವಿಷಯ. ಯಾರು, ಯಾರಿಗೆ, ಎಷ್ಟು, ಯಾವಾಗ ಎಂಬ ನಾಲ್ಕು ಸ್ಪಷ್ಟವಾಗಿದ್ದರೆ ಸಾಕು. ಮಕ್ಕಳ ಕೈಲಿ ಬರೆಸಿದರೆ, ಅವರು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿ. ನೀವು ಹೇಳಿದ್ದೇ ತಿರುಗಿ ಬಂದರೆ ಕಾಗದ ಸರಿಯಾಗಿದೆ.

ಇನ್ನೊಂದು ಮಾತು. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಮುಂತಾದವು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿ ಸಿಗಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಹಾಗಾಗಿ ಭಟ್ಕಳ, ಹೊನ್ನಾವರ, ಕುಮಟಾ ಎಲ್ಲೇ ಇರಲಿ, ಕನ್ನಡದ ಫಾರ್ಮ್ ಕೇಳಿ ಪಡೆಯಿರಿ. ಇಂಗ್ಲಿಷ್ ಕಲಿಯೋಣ, ಆದರೆ ಅರ್ಥವಾಗದ ಇಂಗ್ಲಿಷಿಗೆ ಸಹಿ ಹಾಕುವುದು ಬೇಡ.

ಮುಂದಿನ ಸಭೆಗೆ: ಸಂಘದ ಪಾಸ್‌ಬುಕ್ ಮತ್ತು ಒಂದು ಸಾಲದ ಕಾಗದ ತನ್ನಿ. ಈ ಐದರಲ್ಲಿ ಯಾವ ಪದಗಳು ಅದರಲ್ಲಿವೆ ಅಂತ ಎಲ್ಲರೂ ಸೇರಿ ಹುಡುಕಿ. ಸಹಿಯ ಜಾಗದಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ, ಒಬ್ಬೊಬ್ಬರೂ ಓದಿ ಹೇಳಿ.