ಅಂಗಳಕ್ಕೆ ಕಾಲಿಡುವ ಮೊದಲು

ನಿಟ್ಟೆಯಂಥ ಊರಿನಲ್ಲಿ ಯಾರ ಮನೆಗೆ ಯಾರು ಬಂದರೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಎಚ್‌ಐವಿಯಿಂದ ಅಪ್ಪ–ಅಮ್ಮನನ್ನು ಕಳೆದುಕೊಂಡ ಮಗುವಿರುವ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರೇ, ಸ್ವಯಂಸೇವಕರೇ, ಆರೋಗ್ಯ ಇಲಾಖೆಯ ಜೀಪನ್ನು ದಯವಿಟ್ಟು ಅಂಗಳದಲ್ಲಿ ನಿಲ್ಲಿಸಬೇಡಿ. ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಹೊರಗೆ ಹೇಳುವುದನ್ನು 2017ರ ಎಚ್‌ಐವಿ–ಏಡ್ಸ್ ಕಾಯ್ದೆಯೂ ಒಪ್ಪುವುದಿಲ್ಲ.

ಬಹಳ ಕಡೆ ಮಗುವನ್ನು ಸಾಕುವವರು ಅಜ್ಜಿ. ಬೀಡಿ ಕಟ್ಟುತ್ತ ಜಗಲಿಯಲ್ಲಿ ಕೂತಿರುತ್ತಾರೆ. ಅವರು ಕೊಟ್ಟ ಬೆಲ್ಲ–ನೀರು ಕುಡಿಯಿರಿ, ಮೊದಲು ಅವರ ಮೊಣಕಾಲು ನೋವನ್ನೇ ವಿಚಾರಿಸಿ. ಮಾತ್ರೆ ಡಬ್ಬಿ ಆಮೇಲೆ ನೋಡಿದರಾಯಿತು. ಮಗುವಿಗೂ ಸೋಂಕಿದ್ದು, ಡಬ್ಬಿಯಲ್ಲಿ ಮಾತ್ರೆ ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದರೆ ಗದರಬೇಡಿ, ಕಾರಣ ಕೇಳಿ. ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಎಲ್ಲರೆದುರು ನುಂಗಲು ನಾಚಿಕೆಯಾಗಿರಬಹುದು. ಎಚ್‌ಐವಿಗೆ ಚಿಕಿತ್ಸೆ ಕೊಡುವ ಉಡುಪಿಯ ಎಆರ್‌ಟಿ ಕೇಂದ್ರದಲ್ಲಿ ಔಷಧ ಉಚಿತ, ನಿಜ. ಆದರೆ ಹೋಗಿಬರುವ ದಿನ ಅಜ್ಜಿಗೆ ಬೀಡಿಯ ಸಂಪಾದನೆಯಿಲ್ಲ. ನನಗೆ ಚಿಕಿತ್ಸೆಗೆ ಇದೇ ದೊಡ್ಡ ಅಡ್ಡಿಯಾಗಿ ಕಾಣುತ್ತದೆ.

ಸೋಂಕಿತರ ಮಕ್ಕಳೆಲ್ಲರೂ ಸೋಂಕಿತರಲ್ಲ, ಪರೀಕ್ಷೆ ಮಾಡಿಸದೆ ಊಹಿಸಬೇಡಿ. ಸೋಂಕಿದ್ದರೂ ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡು ಮಲಗಿದರೆ ಅದು ಹರಡುವುದಿಲ್ಲ. ಇದನ್ನು ಅಕ್ಕಪಕ್ಕದವರಿಗೆ ಹೇಳುವಾಗ ಯಾವ ಮನೆಯ ಹೆಸರನ್ನೂ ಎತ್ತಬೇಡಿ.

ಹಣದ ದಾರಿಯೂ ಇದೆ. ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಜ್ಜಿಯ ಕೈಗೆ ಬರೀ ಫಾರಂ ಕೊಟ್ಟು ಬರಬೇಡಿ, ಪಕ್ಕದಲ್ಲಿ ಕೂತು ತುಂಬಿಸಿ, ಕಚೇರಿಗೂ ಜೊತೆಯಲ್ಲಿ ಹೋಗಿ. ಎಚ್‌ಐವಿ ಕುರಿತ ಸಂಶಯವಿದ್ದರೆ 1097ಕ್ಕೆ, ಮಗುವಿಗೆ ತೊಂದರೆಯಾದರೆ 1098ಕ್ಕೆ ಕರೆ ಮಾಡಲು ಹೇಳಿಕೊಡಿ.